ಶಾಕೋತಾನ್, ದೆಪ್ಪಾ, ಒನಿಕ್ಯಾನ್: ಜಪಾನಿನ ಮಾಡಿಫೈಡ್ ಕಾರುಗಳನ್ನೆಲ್ಲ ‘ಬೋಸೋಜೋಕು’ ಅಂದುಬಿಡೋದು ಸರೀನಾ?

ಹಳೇ_ಸಿಲಿಂಡರ್

ಹೋದ ತಿಂಗಳು ಆಫೀಸ್ ಕೆಲಸಕ್ಕೆ ಯೋಕೊಹಾಮಾಗೆ ಹೋಗಿದ್ದೆ. ಶನಿವಾರ ರಾತ್ರಿ ಅಲ್ಲಿನ ಸಹೋದ್ಯೋಗಿಯೊಬ್ಬ ದಾಯ್ಕೊಕು ಪಾರ್ಕಿಂಗ್ ಏರಿಯಾಗೆ ಕರೆದುಕೊಂಡು ಹೋದ. ಸುತ್ತ ಚಕ್ಕುಲಿ ಹಾಗೆ ಸುತ್ತಿಕೊಂಡಿರುವ ಫ್ಲೈಓವರ್‌ಗಳು, ನಡುವೆ ಕಾರು ನಿಲ್ಲಿಸೋ ಜಾಗ. ಎಕ್ಸ್‌ಪ್ರೆಸ್‌ವೇಗೆ ಟೋಲ್ ಕಟ್ಟಿಯೇ ಅಲ್ಲಿಗೆ ಹೋಗಬೇಕು. ಹತ್ತು ಹೆಜ್ಜೆಗೊಂದು ಅವತಾರದ ಕಾರು.

ಒಂದರ ಮುಂದೆ ಕಾಲು ನಿಂತೇ ಹೋಯಿತು. ನೇರಳೆ ಬಣ್ಣದ ಹಳೇ ನಿಸ್ಸಾನ್ ಲಾರೆಲ್. ನೆಲಕ್ಕೂ ಅದಕ್ಕೂ ಮಧ್ಯೆ ನನ್ನ ಚಪ್ಪಲಿ ತೂರುವಷ್ಟೇ ಜಾಗ. ಮುಂದಿನ ಬಂಪರ್ ಕೆಳಗಿಂದ ಮೊಳದುದ್ದದ ಹಲಗೆ ಒಂದು ಚಾಚಿಕೊಂಡಿದೆ. ಹಿಂದೆ ಎರಡು ಸೈಲೆನ್ಸರ್ ಪೈಪು ಕಾರಿನ ಟಾಪಿಗಿಂತ ಎತ್ತರಕ್ಕೆ ಓರೆಯಾಗಿ ಎದ್ದಿವೆ. ನಾನು ಸುಮ್ನೆ ಇರಲಾರದೆ “ಓ! ಬೋಸೋಜೋಕು!” ಅಂದೆ.

ಕಾರಿನ ಯಜಮಾನರಿಗೆ ಐವತ್ತರ ಆಸುಪಾಸು, ಕುತ್ತಿಗೆಗೆ ಟವೆಲ್. ಮೂಗಿನ ಮುಂದೆ ಕೈ ಅಲ್ಲಾಡಿಸಿ “ಚಿಗೌ, ಚಿಗೌ” ಅಂದರು. ಅಲ್ಲ, ಅಲ್ಲ ಅಂತ. “ಗುರಾಚಾನ್” ಅಂದರು. ಆಮೇಲೆ ಮುಂದಿನ ಹಲಗೆ ಮುಟ್ಟಿ “ದೆಪ್ಪಾ” ಅಂದರು. ನನ್ನ ಮುಖ ನೋಡಿ ಅರ್ಥವಾಗಲಿಲ್ಲ ಅಂತ ಗೊತ್ತಾಗಿರಬೇಕು. ಮೇಲಿನ ಹಲ್ಲುಗಳನ್ನು ಕೆಳತುಟಿಯ ಮೇಲೆ ಚಾಚಿ ತೋರಿಸಿದರು. ಉಬ್ಬುಹಲ್ಲು!

ಅವತ್ತಿಂದ ಈ ಪದಗಳ ಹುಚ್ಚು ಹಿಡಿದಿದೆ. ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ. ಬೋಸೋಜೋಕು, ಗುರಾಚಾನ್, ಕಾಯ್ದೋ ರೇಸರ್, ಶಾಕೋತಾನ್, ಇವೆಲ್ಲ ಒಂದೇನಾ, ಬೇರೆ ಬೇರೆನಾ?

ಗ್ಯಾರೇಜ್_ಗುಂಡ

ಎಲ್ಲಾ ಒಂದೇ ಗುರು. ವಿಡಿಯೋಗಳಲ್ಲಿ ಉದ್ದ ಪೈಪು, ದೊಡ್ಡ ರೆಕ್ಕೆ ಇರೋ ಕಾರಿಗೆಲ್ಲ ‘ಬೋಸೋಜೋಕು ಸ್ಟೈಲ್’ ಅಂತಾನೇ ಹಾಕಿರ್ತಾರೆ. ನಿಮ್ಮ ಯಜಮಾನ್ರು ಸುಮ್ನೆ ಬಿಲ್ಡಪ್ ಕೊಟ್ಟಿರಬೇಕು.

ಆಯಿಚಿ_ಅಕ್ಕ

ಗುಂಡ, ವಿಡಿಯೋದವರು ಹಾಕ್ತಾರೆ, ನಿಜ. ಆದರೆ ಅದನ್ನ ಆ ಮನುಷ್ಯನ ಎದುರಿಗೆ ಹೇಳಿದರೆ ಬೇಜಾರಾಗೋದೂ ನಿಜ. ನಾನು ಜಪಾನಿನ ಆಯಿಚಿಯಲ್ಲಿ 11 ವರ್ಷದಿಂದ ಇದ್ದೀನಿ. ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಕೆಲಸ. ನನ್ನ ಲೈನಿನಲ್ಲಿರುವ ಅರ್ಧ ಜನಕ್ಕೆ ಇದೇ ಹುಚ್ಚು.

ಮೊದಲಿಗೆ, ಬೋಸೋಜೋಕು ಅನ್ನೋದು ಕಾರಿನ ಹೆಸರೇ ಅಲ್ಲ. ಜನರ ಹೆಸರು. ‘ಬೋಸೋ’ ಅಂದರೆ ಹುಚ್ಚಾಪಟ್ಟೆ ಓಡೋದು, ‘ಜೋಕು’ ಅಂದರೆ ಪಂಗಡ, ಬುಡಕಟ್ಟು. ಅದರಲ್ಲೂ ಹೆಚ್ಚಿನವರು ಬೈಕಿನವರು. ಕಾರಣ ಸರಳ: ಜಪಾನಿನಲ್ಲಿ ಬೈಕ್ ಲೈಸೆನ್ಸ್ 16ಕ್ಕೆ ಸಿಗುತ್ತದೆ, ಕಾರಿನದು 18ಕ್ಕೆ. 16-17ರ ಪುಂಡರ ಕೈಗೆ ಸಿಗೋದು ಬೈಕೇ. ಪೊಲೀಸ್ ಲೆಕ್ಕದಲ್ಲಿ 1982ರಲ್ಲಿ ಇಂಥವರು 42 ಸಾವಿರಕ್ಕೂ ಜಾಸ್ತಿ ಇದ್ದರು. ಈಗ ಅದರ ಒಂದು ಚೂರು ಉಳಿದಿದೆ ಅಷ್ಟೇ.

ಇನ್ನೊಂದು ತಮಾಷೆ. ಹೆಸರಲ್ಲಿ ಓಟ ಇದೆ, ಆದರೆ ಇವರು ಓಡಿಸೋದು ನಿಧಾನ! ರಸ್ತೆ ತುಂಬ ಅಡ್ಡಡ್ಡ ಹಬ್ಬಿಕೊಂಡು, ಹಾವಿನ ಹಾಗೆ ಹೊರಳುತ್ತಾ, ಆಕ್ಸಿಲರೇಟರ್ ತಿರುವಿ ತಿರುವಿ ಸದ್ದು ಮಾಡುತ್ತಾ, ಹಿಂದಿನ ಗಾಡಿಗಳನ್ನೆಲ್ಲ ತಡೆದು ಹೋಗೋದು. ದಿಬ್ಬಣದ ತಮಟೆ ಬಿಟ್ಟರೆ ಬಾಕಿ ಎಲ್ಲಾ ಇರುತ್ತದೆ. ಇದನ್ನ ನಿಲ್ಲಿಸೋಕೆ ಅಂತಾನೇ 1978ರಲ್ಲಿ ರಸ್ತೆ ಸಂಚಾರ ಕಾನೂನಿಗೆ ತಿದ್ದುಪಡಿ ಬಂತು. ಗುಂಪಾಗಿ ಅಪಾಯಕಾರಿಯಾಗಿ ಓಡಿಸೋದೇ ಅಪರಾಧ ಅಂತ.

ಅವರ ಗಾಡಿಗೆ ‘ಜೋಕುಶಾ’ ಅನ್ನುತ್ತಾರೆ. ‘ಶಾ’ ಅಂದರೆ ಗಾಡಿ. ಹೀಗಾಗಿ ನೀವು ‘ಬೋಸೋಜೋಕು’ ಅಂದಾಗ ಆ ಯಜಮಾನರಿಗೆ ಕೇಳಿಸಿದ್ದು “ಓ! ಪುಂಡ!” ಅಂತ.

ಶಾಕೋತಾನ್ ಅಂದರೆ ‘ಶಾಕೋ’ ಕಾರಿನ ಎತ್ತರ, ‘ತಾನ್’ ಗಿಡ್ಡ. ತಗ್ಗಿಸಿದ ಯಾವ ಕಾರಾದರೂ ಶಾಕೋತಾನೇ. ಅದು ಪಂಗಡ ಅಲ್ಲ, ಗುಣ. ಹೊಕ್ಕಾಯ್ದೋದಲ್ಲಿ ಇದೇ ಉಚ್ಚಾರದ ಒಂದು ಪರ್ಯಾಯದ್ವೀಪ ಇದೆ, ಬರೆಯೋ ಅಕ್ಷರ ಮಾತ್ರ ಬೇರೆ. ನಮ್ಮ ಲೈನಿನ ಹುಡುಗನೊಬ್ಬ ಕಾರು ತಗ್ಗಿಸಿದ ಮರುದಿನವೇ ಅಲ್ಲಿಗೆ ಹೋಗಿ ಊರಿನ ಬೋರ್ಡ್ ಪಕ್ಕ ಫೋಟೊ ತೆಗೆಸಿಕೊಂಡು ಬಂದ. ಸಾವಿರ ಕಿಲೋಮೀಟರಿಗೂ ಮೇಲೆ, ಮಧ್ಯೆ ಹಡಗು ಬೇರೆ.

ಕುಡ್ಲ_ಕ್ಲಚ್

ಒಂದು ಫೋಟೊಗೆ ಸಾವಿರ ಕಿಲೋಮೀಟರ್! ಭಾರಿ ಜನ ಮಾರಾಯ್ರೆ.

ಅಕ್ಕ, ಗುರಾಚಾನ್ ಏನು ಅಂತ ಬಿಟ್ಟೇಬಿಟ್ಟಿರಲ್ಲ?

ಆಯಿಚಿ_ಅಕ್ಕ

ಊಟಕ್ಕೆ ಎದ್ದಿದ್ದೆ. ಬಂದೆ.

ಫುಜಿ ಬೆಟ್ಟದ ಬುಡದಲ್ಲಿ ಫುಜಿ ಸ್ಪೀಡ್‌ವೇ ಇದೆ. 1971ರಿಂದ 1989ರವರೆಗೆ ಅಲ್ಲಿ ‘ಫುಜಿ ಗ್ರ್ಯಾಂಡ್ ಚಾಂಪಿಯನ್’ ಅಂತ ಒಂದು ರೇಸ್ ಸರಣಿ ನಡೆಯುತ್ತಿತ್ತು. ಜಪಾನಿಯರು ಉದ್ದ ಪದ ಸಹಿಸಲ್ಲ. ಗುರಾಂದೊ ಚಾಂಪಿಯೋನ್ ಅನ್ನೋದನ್ನ ಕತ್ತರಿಸಿ ಗುರಾಚಾನ್ ಮಾಡಿದರು. ರೇಸ್ ನೋಡೋಕೆ ಬರುತ್ತಿದ್ದ ಹುಡುಗರು ತಮ್ಮ ಕಾರುಗಳನ್ನೂ ರೇಸ್ ಕಾರಿನ ಹಾಗೆ ಸಿಂಗರಿಸಿಕೊಂಡು ಬರೋರು. ಟಿಕೆಟ್ ತಗೊಂಡವರು ಒಳಗೆ ರೇಸ್ ನೋಡುತ್ತಿದ್ದರೆ ಹೊರಗಿನ ಪಾರ್ಕಿಂಗಿನಲ್ಲಿ ಇವರದೇ ಒಂದು ಜಾತ್ರೆ.

1979ರಿಂದ ಅದೇ ಟ್ರ್ಯಾಕಿನಲ್ಲಿ ‘ಸೂಪರ್ ಸಿಲ್ಹೌಟ್’ ಕಾರುಗಳು ಬಂದವು. ಗ್ರೂಪ್ 5 ಅನ್ನೋ ರೇಸ್ ವರ್ಗದ ನಿಯಮದ ಕಾರುಗಳು. ಆಕಾರ ಮಾತ್ರ ಅಂಗಡಿಯಲ್ಲಿ ಸಿಗೋ ನಿಸ್ಸಾನ್ ಸ್ಕೈಲೈನ್, ಸಿಲ್ವಿಯಾ, ಬ್ಲೂಬರ್ಡ್‌ದು. ಮೈಯೆಲ್ಲಾ ಬೇರೆ. ಚಕ್ರದ ಮೇಲೆ ಪೆಟ್ಟಿಗೆಯಂಥ ಅಗಲ ಫೆಂಡರ್, ನೆಲ ಗುಡಿಸೋ ಮುಂದಿನ ಹಲಗೆ, ಡಿಕ್ಕಿ ಮೇಲೆ ಊಟದ ಮೇಜಿನಷ್ಟು ರೆಕ್ಕೆ, ಪಕ್ಕದಿಂದ ಬೆಂಕಿ ಉಗುಳೋ ಪೈಪು. ಇವತ್ತು ನೀವು ನೋಡಿ ನಗುವ ದೆಪ್ಪಾ ಇದೆಯಲ್ಲ, ಅದರ ಅಪ್ಪ ಈ ಕಾರು. ರೇಸಿನಲ್ಲಿ ಆ ಹಲಗೆಗೆ ಕೆಲಸ ಇತ್ತು, ಗಾಳಿಯ ಒತ್ತಡ ಬಳಸಿ ಮೂತಿಯನ್ನ ನೆಲಕ್ಕೆ ಅದುಮುತ್ತಿತ್ತು. ಹುಡುಗರು ನಕಲು ಮಾಡುವಾಗ ಒಬ್ಬ ಒಂದು ಗೇಣು ಮಾಡಿದ, ಇನ್ನೊಬ್ಬ ಒಂದು ಮೊಳ, ಮತ್ತೊಬ್ಬ ಒಂದು ಗಜ. ಗಾಳಿ ಮರೆತುಹೋಯಿತು, ಪೈಪೋಟಿ ಉಳಿಯಿತು.

ಕಾಯ್ದೋ ರೇಸರ್ ಅಂದರೆ ಇದೇ ವೇಷದಲ್ಲಿ ಊರ ಹೆದ್ದಾರಿಯಲ್ಲಿ ತಿರುಗೋ ಕಾರು. ‘ಕಾಯ್ದೋ’ ಅಂದರೆ ಹೆದ್ದಾರಿ. ರೇಸರ್ ಅಂತ ಹೆಸರಿಗೆ ಅಷ್ಟೇ. ಗುರಾಚಾನ್, ಕಾಯ್ದೋ ರೇಸರ್, ಜೋಕುಶಾ ಮಧ್ಯೆ ಗೆರೆ ಎಳೆಯೋದು ಅಲ್ಲಿನವರಿಗೂ ಕಷ್ಟ. ಒಂದೇ ಕಾರಿಗೆ ಇಬ್ಬರು ಎರಡು ಹೆಸರು ಹೇಳ್ತಾರೆ. ಆದರೆ ತನ್ನ ಕಾರಿಗೆ ಯಾವ ಹೆಸರು ಅಂತ ಯಜಮಾನನಿಗೆ ಪಕ್ಕಾ ಗೊತ್ತಿರುತ್ತದೆ. ಅವನನ್ನೇ ಕೇಳಬೇಕು.

ಮೇಲೆ ಎದ್ದ ಪೈಪಿಗೆ ‘ತಾಕೆಯಾರಿ’. ತಾಕೆ ಬಿದಿರು, ಯಾರಿ ಈಟಿ.

ಧಾರವಾಡ_ಡೀಸೆಲ್

ಬಿದಿರಿನ ಈಟಿ! ಉಬ್ಬುಹಲ್ಲು! ಇದಪ್ಪಾ ಹೆಸರಿಡೋದು ಅಂದ್ರ. ನಮ್ಮಲ್ಲಿ ಅದೇ ಹಲಗೆಗೆ ‘ಫ್ರಂಟ್ ಲಿಪ್ ಎಕ್ಸ್‌ಟೆನ್ಶನ್’ ಅಂತ ಬಿಲ್ಲಿನಾಗ ಬರೀತಾರೆ ನೋಡ್ರಿ. ರೊಕ್ಕ ಜಾಸ್ತಿ ಕೀಳಾಕ.

ಕುಡ್ಲ_ಕ್ಲಚ್

ನನಗೆ ಇದರಲ್ಲಿ ಖುಷಿ ಕೊಡೋದು ಪದ ಕತ್ತರಿಸೋ ರೀತಿ. ಎರಡು ಪದ ತಗೊಳ್ಳೋದು, ಎರಡರದ್ದೂ ತಲೆ ಮಾತ್ರ ಉಳಿಸಿಕೊಳ್ಳೋದು. ಓವರ್ ಫೆಂಡರ್ ಅವರ ಬಾಯಲ್ಲಿ ‘ಓಬಾ ಫೆಂದಾ’, ಕತ್ತರಿಸಿದರೆ ‘ಓಬಾಫೆನ್’. ಕಾರನ್ನ ಅಡ್ಡ ಜಾರಿಸಿ ಓಡಿಸೋದರಲ್ಲಿ ‘ಡ್ರಿಫ್ಟ್ ಕಿಂಗ್’ ಅನಿಸಿಕೊಂಡ ಕೇಯಿಚಿ ತ್ಸುಚಿಯಾ ಅವರಿಗೆ ‘ದೋರಿಕಿನ್’. ಒನಿ ಅಂದರೆ ರಾಕ್ಷಸ, ಕ್ಯಾಂಬರ್ ಅಂದರೆ ಚಕ್ರದ ಓರೆ, ಎರಡೂ ಸೇರಿದರೆ ‘ಒನಿಕ್ಯಾನ್’. ಡೆಕೊರೇಶನ್ ಟ್ರಕ್ ‘ದೆಕೊತೋರಾ’.

ಬಸ್ ಅನ್ನೋದನ್ನ ನಾವು ಬಸ್ಸು ಮಾಡ್ತೀವಿ, ಅವರು ಬಸು ಮಾಡ್ತಾರೆ. ಕೊನೆಗೊಂದು ಸ್ವರ ಬೇಕು, ಅವರಿಗೂ (‘ನ್’ ಒಂದನ್ನ ಬಿಟ್ಟು) ನಮಗೂ. ಅದಕ್ಕೇ ಈ ಪದಗಳು ಕನ್ನಡದ ಬಾಯಿಗೆ ಇಷ್ಟು ಸಲೀಸಾಗಿ ಬರೋದು ಅಂತ ನನ್ನ ಅನಿಸಿಕೆ. ಅಮೆರಿಕದವರ ಬಾಯಲ್ಲಿ ಕೇಳಿ ನೋಡಿ, ಪಾಪ ಒದ್ದಾಡ್ತಾರೆ.

ರೋಟರಿ_ರಾಯ

ಅಡ್ಡಹೆಸರು ಅಂದರೆ ಹಳೇ ಕಾರುಗಳದ್ದು ಕೇಳಬೇಕು. ಒಂದಷ್ಟು ನನ್ನ ಲೆಕ್ಕದಲ್ಲಿ.

‘ಹಾಕೊಸುಕಾ’: 1968ರಲ್ಲಿ ಬಂದ ಸ್ಕೈಲೈನ್. ಹಾಕೊ ಅಂದರೆ ಡಬ್ಬ, ಸುಕಾ ಅಂದರೆ ‘ಸುಕಾಯ್‌ರಾಯಿನ್’ ತಲೆ. ಡಬ್ಬ ಸ್ಕೈಲೈನ್. ಇದರಲ್ಲೇ 1969ರಲ್ಲಿ ಮೊದಲ ಜಿಟಿ-ಆರ್, ಅಂದರೆ ಸ್ಕೈಲೈನಿನ ವೇಗದ ಆವೃತ್ತಿ ಬಂದದ್ದು. ಡಬ್ಬ ಅಂತಾರೆ, ರೇಟ್ ಕೇಳಿದರೆ ತಲೆ ತಿರುಗುತ್ತದೆ.

‘ಕೆನ್‌ಮೆರಿ’: ಅದರ ನಂತರದ್ದು, 1972ರದು. ಜಾಹೀರಾತಿನಲ್ಲಿ ಕೆನ್ ಮತ್ತು ಮೇರಿ ಅಂತ ಒಂದು ಜೋಡಿ ಇತ್ತು. ಜನ ಕಾರಿಗೆ ಅವರ ಹೆಸರೇ ಇಟ್ಟರು. ಇದರ ಜಿಟಿ-ಆರ್ ಆಗಿದ್ದು 197 ಮಾತ್ರ. ಹೊಗೆ ನಿಯಮ ಬಿಗಿಯಾಗಿ ಮುಂದಕ್ಕೆ ಹೋಗಲಿಲ್ಲ. ಅದಾದ ಮೇಲೆ ಜಿಟಿ-ಆರ್ ಹೆಸರು ಮತ್ತೆ ಬಂದದ್ದು 1989ರಲ್ಲಿ, ಆರ್32 ಅನ್ನೋ ಸ್ಕೈಲೈನಿನ ಮೇಲೆ. ಅದಕ್ಕೆ ‘ಗಾಡ್‌ಜಿಲ್ಲಾ’ ಅಂತ ಹೆಸರಿಟ್ಟವರು ಜಪಾನಿಯರಲ್ಲ, ಆಸ್ಟ್ರೇಲಿಯಾದವರು.

ಮೊದಲ ಟೊಯೊಟಾ ಸೆಲಿಕಾ ‘ದಾರುಮಾ’, ಅಲ್ಲಿನ ದುಂಡು ಗೊಂಬೆಯ ಹೆಸರು. 1971ರ ಕ್ರೌನ್ ‘ಕುಜಿರಾ’, ತಿಮಿಂಗಿಲ. ಟೊಯೊಟಾ ಎಇ86 ‘ಹಾಚಿರೊಕು’, ಸುಮ್ನೆ ಎಂಟು-ಆರು. 1995ರಲ್ಲಿ ಶುರುವಾದ ಒಂದು ಮಾಂಗಾದಲ್ಲಿ (ಜಪಾನಿ ಕಾಮಿಕ್) ತೋಫು ಅಂಗಡಿ ಹುಡುಗ ಅದನ್ನ ಘಾಟಿಯಲ್ಲಿ ಓಡಿಸಿದ್ದೇ ಓಡಿಸಿದ್ದು, ಗುಜರಿಗೆ ಹೋಗಬೇಕಿದ್ದ ಕಾರುಗಳೆಲ್ಲ ಬಂಗಾರವಾದವು.

ನನ್ನ ಫೇವರಿಟ್ ಕೊನೆಗೆ. 1972ರ ನಿಸ್ಸಾನ್ ಲಾರೆಲ್ ಹಾರ್ಡ್‌ಟಾಪ್: ‘ಬುತಾಕೆತ್ಸು’. ಬುತಾ ಅಂದರೆ ಹಂದಿ. ಕೆತ್ಸು ಏನು ಅಂತ ಹಿಂದಿನಿಂದ ಕಾರು ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಹಳೇ_ಸಿಲಿಂಡರ್

ಅಯ್ಯೋ! ನಾನು ನೋಡಿದ್ದೂ ಲಾರೆಲ್ಲೇ. ಈಗ ಫೋಟೊ ತೆಗೆದು ನೋಡಿದೆ. ಹಿಂಭಾಗ ದುಂಡಗೆ ಕೆಳಕ್ಕೆ ಇಳಿದಿದೆ. ಹೌದು ರಾಯರೇ, ಅದೇ. ಹಂದಿ ಅಂಡು.

ಗ್ಯಾರೇಜ್_ಗುಂಡ

ಸಿಲ್‌ಎಯ್ಟಿ ಬಿಟ್ಟಿರಿ ರಾಯರೇ. ನಿಸ್ಸಾನ್ 180ಎಸ್‌ಎಕ್ಸ್‌ಗೆ ಸಿಲ್ವಿಯಾ ಮೂತಿ ಹಾಕಿದರೆ ಸಿಲ್‌ಎಯ್ಟಿ. ಉಲ್ಟಾ ಹಾಕಿದರೆ ಒನ್‌ವಿಯಾ.

ರೋಟರಿ_ರಾಯ

ಶಭಾಷ್ ಗುಂಡ. ಅದು ಹುಟ್ಟಿದ್ದು ಫ್ಯಾಶನ್ನಿಗಲ್ಲ, ಡ್ರಿಫ್ಟ್ ಮಾಡಿ ಮೂತಿ ಜಜ್ಜಿಕೊಂಡಿದ್ದಕ್ಕೆ ಅನ್ನೋದು ಎಲ್ಲರೂ ಹೇಳೋ ಕಥೆ. 180ರ ಎದ್ದು ಕೂರೋ ಹೆಡ್‌ಲೈಟ್‌ಗಿಂತ ಸಿಲ್ವಿಯಾದ ಮಾಮೂಲಿ ಲೈಟು, ಬಂಪರ್ ಅಗ್ಗ. ಎರಡೂ ಕಾರಿನ ಚಾಸಿ ಒಂದೇ, ಬೋಲ್ಟ್ ಸರಿಯಾಗಿ ಕೂರುತ್ತದೆ. ಮುಂದೆ ಅದೇ ಸ್ಟೈಲ್ ಆಗಿ, 1998ರಲ್ಲಿ ಸ್ವಲ್ಪ ಸಂಖ್ಯೆಯಲ್ಲಿ ಹೊಸ ಕಾರಾಗಿಯೇ ಮಾರಿದರು.

ಇನ್ನೊಂದು ಪದ: ‘ತೆಂಪುರಾ’. ನಕಲಿ ನಂಬರ್ ಪ್ಲೇಟಿಗೆ ತೆಂಪುರಾ ನಂಬರ್ ಅನ್ನುತ್ತಾರೆ. ತೆಂಪುರಾ ಅಲ್ಲಿನ ಕರಿದ ತಿಂಡಿ: ಮೇಲೆ ಹಿಟ್ಟಿನ ಹೊದಿಕೆ, ಒಳಗಿರೋದು ಬೇರೆ.

ಧಾರವಾಡ_ಡೀಸೆಲ್

ಕನ್ನಡದಾಗ ‘ಬಜ್ಜಿ ನಂಬರ್’ ಅನ್ನೋಣಲ್ಲ? ಮಿರ್ಚಿ ಒಳಗದನೋ ಬದನಿ ಅದನೋ ಕಡಿದ ಮೇಲೇ ಗೊತ್ತು. ಇವತ್ತಿಂದ ನಾ ಹಂಗ ಅನ್ನಾವ.

ಗ್ಯಾರೇಜ್_ಗುಂಡ

ಸರಿ, ನಂದೊಂದು ಡೌಟು. ನನ್ನ ಹತ್ರ 2001ರ ಹೋಂಡಾ ಸಿಟಿ ಇದೆ. ಗ್ರಿಲ್ ಬದಲಾಯಿಸಿ, ಹಿಂದಿನ ಗ್ಲಾಸಿಗೆ ‘ಜೆಡಿಎಂ’ ಸ್ಟಿಕ್ಕರ್ ಹಾಕಿದ್ದೀನಿ. ಮೊನ್ನೆ ಒಬ್ಬ ಅಣ್ಣ ಬಂದು “ಇದು ಜೆಡಿಎಂ ಅಲ್ಲ, ತೆಗಿ” ಅಂದ. ಹೋಂಡಾ ಜಪಾನ್ ಕಂಪನಿ ತಾನೇ?

ರೋಟರಿ_ರಾಯ

ಗುಂಡ, ಬೇಜಾರಾಗಬೇಡ. ಜೆಡಿಎಂ ಅಂದರೆ ಜಪಾನೀಸ್ ಡೊಮೆಸ್ಟಿಕ್ ಮಾರ್ಕೆಟ್. ಜಪಾನಿನಲ್ಲಿ ಮಾರೋಕೆ ಅಂತ ಮಾಡಿದ್ದು. ಕಂಪನಿ ಎಲ್ಲಿಯದು ಅನ್ನೋದಲ್ಲ, ಕಾರು ಯಾವ ಸಂತೆಗೆ ಅನ್ನೋದು. ಬಿಡದಿಯಲ್ಲಿ ಮಾಡಿದ ಟೊಯೊಟಾ ಕ್ವಾಲಿಸ್ ಜೆಡಿಎಂ ಅಲ್ಲ. ನಿನ್ನ ಸಿಟಿ ಗ್ರೇಟರ್ ನೋಯ್ಡಾದಲ್ಲಿ ಆದದ್ದು. ಅದಕ್ಕಿಂತ ಮುಖ್ಯವಾಗಿ, ಆ ಸಿಟಿಯನ್ನ ಹೋಂಡಾ ಏಷ್ಯಾದ ಇತರ ದೇಶಗಳಿಗೆ ಅಂತ 1996ರಲ್ಲಿ ತಂದದ್ದು. ಜಪಾನಿನಲ್ಲಿ ಅದು ಮಾರಾಟವೇ ಆಗಲಿಲ್ಲ. ಪ್ರಪಂಚದ ಹೋಂಡಾಗಳಲ್ಲಿ ಹುಡುಕಿ ಹುಡುಕಿ ಜೆಡಿಎಂ ಆಗೋಕೆ ಸಾಧ್ಯವೇ ಇಲ್ಲದ್ದಕ್ಕೆ ಸ್ಟಿಕ್ಕರ್ ಹಾಕಿದ್ದೀಯ.

ಗ್ಯಾರೇಜ್_ಗುಂಡ

🙏

ಆಯಿಚಿ_ಅಕ್ಕ

ಗುಂಡನನ್ನ ಅಳಿಸಬೇಡಿ ರಾಯರೇ. ಇಲ್ಲಿ ಇದರ ಉಲ್ಟಾ ನಡೆಯುತ್ತದೆ. ಇಲ್ಲಿನ ಹುಡುಗರಿಗೆ ‘ಯುಎಸ್‌ಡಿಎಂ’, ಅಂದರೆ ಅಮೆರಿಕದ ಮಾರ್ಕೆಟ್ಟಿನ ಕಾರಿನ ಹುಚ್ಚು. ಜಪಾನಿನಲ್ಲೇ ಹುಟ್ಟಿದ ಸಿವಿಕ್‌ಗೆ ಅಮೆರಿಕದಿಂದ ಬಂಪರ್ ತರಿಸುತ್ತಾರೆ. ಅಲ್ಲಿನ ನಿಯಮಕ್ಕಾಗಿ ಹಾಕೋ ಕಿತ್ತಳೆ ಬಣ್ಣದ ಸೈಡ್ ಲೈಟ್ ಇಲ್ಲಿ ಅಲಂಕಾರ. ಕ್ಯಾಲಿಫೋರ್ನಿಯಾದ ಹುಡುಗ ಜಪಾನಿನಿಂದ ಹೆಡ್‌ಲೈಟ್ ತರಿಸುತ್ತಾನೆ, ಒಸಾಕಾದ ಹುಡುಗ ಕ್ಯಾಲಿಫೋರ್ನಿಯಾದಿಂದ. ಎರಡು ಪಾರ್ಸೆಲ್ ಸಮುದ್ರದ ಮಧ್ಯೆ ಎಲ್ಲೋ ಒಂದಕ್ಕೊಂದು ದಾಟಿಕೊಂಡು ಹೋಗುತ್ತಿರಬೇಕು.

ಇನ್ನೊಂದು ಹೇಳಲೇಬೇಕು. ಹೊರದೇಶದಲ್ಲಿ ‘ಜೆಡಿಎಂ’ ಅಂತ ಅಂಟಿಸೋ ಹಸಿರು-ಹಳದಿ ಎಲೆಯ ಸ್ಟಿಕ್ಕರ್ ನೋಡಿರ್ತೀರಿ. ಅದಕ್ಕೆ ಇಲ್ಲಿ ‘ವಾಕಾಬಾ ಮಾರ್ಕ್’ ಅನ್ನುತ್ತಾರೆ, ಚಿಗುರೆಲೆ. 1972ರಿಂದ ಇದೆ. ಹೊಸದಾಗಿ ಲೈಸೆನ್ಸ್ ತಗೊಂಡವರು ಒಂದು ವರ್ಷ ಕಾರಿಗೆ ಹಾಕಿಕೊಳ್ಳಲೇಬೇಕು. ಅಂದರೆ ನಮ್ಮ ಎಲ್ ಬೋರ್ಡಿನ ತಮ್ಮ. ಅಮೆರಿಕದವನೊಬ್ಬ ಭಾರಿ ಟರ್ಬೊ ಕಾರಿನ ಹಿಂದೆ ಅದನ್ನ ಹಾಕಿದ್ದ ಫೋಟೊ ನಮ್ಮ ಕ್ಯಾಂಟೀನಿನಲ್ಲಿ ತೋರಿಸಿದೆ. ಒಬ್ಬ ಮುದುಕ ಸೂಪು ಕುಡಿಯುತ್ತಿದ್ದವನು ಮೂಗಿಗೆ ಹತ್ತಿಸಿಕೊಂಡ.

ವಿಟಿಇಸಿ_ವೆಂಕ

ಹಾಗಾದ್ರೆ ಸೀದಾ ‘ರೈಸ್’ ಅನ್ನಿ. ಕೆಲಸಕ್ಕೆ ಬಾರದ ರೆಕ್ಕೆ ಹಾಕೋರೆಲ್ಲ ‘ರೈಸರ್’ಗಳು. ಗುಂಡನ ಕಾರೂ ಅದೇ.

ಕುಡ್ಲ_ಕ್ಲಚ್

ವೆಂಕ, ಆ ಪದ ಬೇಡ ಮಾರಾಯ. ಜಪಾನಿನ ಬೈಕುಗಳು ಅಮೆರಿಕಕ್ಕೆ ಬಂದಾಗ ಅಲ್ಲಿನವರು ‘ರೈಸ್ ಬರ್ನರ್’ ಅಂತ ಆಡಿಕೊಳ್ಳೋರು. ಅನ್ನ ತಿನ್ನೋರು ಮಾಡಿದ ಗಾಡಿ ಅಂತ ಹೀಯಾಳಿಕೆ. ಅಲ್ಲಿಂದ ಬಂದದ್ದು ಅದು. ಆಮೇಲೆ ಯಾರೋ ಜಾಣರು ಆರ್, ಐ, ಸಿ, ಇಗೆ ಒಂದೊಂದು ಪದ ಹೊಂದಿಸಿ “ಇದು ಬೈಗುಳ ಅಲ್ಲ, ಸಂಕ್ಷೇಪ” ಅಂದರು. ಅದೂ ತೆಂಪುರಾನೇ. ಅಷ್ಟಕ್ಕೂ ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ತಿಂದು ಬಂದು ಟೈಪ್ ಮಾಡುತ್ತಿರುವ ನನ್ನನ್ನ ಏನು ಅಂತ ಕರೀತೀಯ?

ವಿಟಿಇಸಿ_ವೆಂಕ

ಇದು ಗೊತ್ತಿರಲಿಲ್ಲ ಅಣ್ಣ. ಎಲ್ಲರೂ ಅಂತಾರೆ ಅಂತ ಅಂದೆ. ವಾಪಸ್. ಗುಂಡ, ಸಾರಿ ಕಣೋ.

ಸರಿ, ಪ್ರಾಯಶ್ಚಿತ್ತಕ್ಕೆ ನನಗೆ ಗೊತ್ತಿರೋದು ಹೇಳ್ತೀನಿ. ವೇಗದವರ ಹೆಸರು ಯಾರೂ ಎತ್ತಲಿಲ್ಲ. ‘ಹಾಶಿರಿಯಾ’ ಅಂದರೆ ಓಟಗಾರ. ಅಕ್ಕ ಹೇಳಿದ ಬೋಸೋಜೋಕು ಸದ್ದಿನವರು, ಹಾಶಿರಿಯಾ ಸ್ಪೀಡಿನವರು. ಇವರನ್ನ ಅವರಿಗೆ ಹೋಲಿಸಿದರೆ ಇಬ್ಬರಿಗೂ ಕೋಪ. ಇವರಲ್ಲೇ ಯಾವ ರಸ್ತೆ ಅನ್ನೋದರ ಮೇಲೆ ಹೆಸರು. ಘಾಟಿಯವರು ‘ತೋಗೆ’ಯವರು, ತೋಗೆ ಅಂದರೆ ಕಣಿವೆ ದಾರಿ. ಟೋಕಿಯೊ ಎಕ್ಸ್‌ಪ್ರೆಸ್‌ವೇ ಒಳವರ್ತುಲದಲ್ಲಿ ಸುತ್ತು ಹೊಡೆಯೋರು ‘ರೂಲೆಟ್ ಜೋಕು’, ಜೂಜಿನ ಚಕ್ರದ ಹಾಗೆ ಸುತ್ತೋದಕ್ಕೆ. ಒಸಾಕಾದವರು ‘ಕಾಂಜೊಜೋಕು’. ಕಾಂಜೊ ಅಂದರೆ ವರ್ತುಲ, ಅಂದರೆ ‘ರಿಂಗ್ ರೋಡ್ ಪಂಗಡ’. ಅಲ್ಲಿನ ಹಾನ್ಶಿನ್ ಎಕ್ಸ್‌ಪ್ರೆಸ್‌ವೇ ವರ್ತುಲ ಸುಮಾರು 10 ಕಿಲೋಮೀಟರ್, ಒನ್‌ವೇ. ಎದುರಿಂದ ಗಾಡಿ ಬರಲ್ಲ. ಅದಕ್ಕೇ ಅಲ್ಲಿ ಹಳೇ ಹೋಂಡಾ ಸಿವಿಕ್‌ನವರ ರಾಜ್ಯ. ಹಗುರ ಕಾರು, ಕಿಟಕಿಗೆ ರೇಸಿನ ಬಲೆ, ಮುಖಕ್ಕೆ ಮುಸುಕು.

ಆಯಿಚಿ_ಅಕ್ಕ

ವೆಂಕ ಚೆನ್ನಾಗಿ ಹೇಳಿದ. ಒಂದೇ ಸೇರಿಸ್ತೀನಿ. ಇದನ್ನ ಓದಿ ಯಾರಿಗೂ ನಮ್ಮ ರಿಂಗ್ ರೋಡಿನಲ್ಲಿ ಹುಮ್ಮಸ್ಸು ಬರೋದು ಬೇಡ. ಅಲ್ಲೂ ಸತ್ತವರಿದ್ದಾರೆ. ಕಥೆ ಹೇಳೋವಾಗ ಅವರ ಲೆಕ್ಕ ಬಿಟ್ಟುಹೋಗುತ್ತದೆ.

ರೋಟರಿ_ರಾಯ

ಬಿಪ್ಪು ಅನ್ನೋ ಸ್ಟೈಲ್ ಮರೆತಿರಲ್ಲ? ವಿಐಪಿ ಅನ್ನೋದನ್ನ ಅಕ್ಷರ ಬಿಡಿಸಿ ಓದದೆ ಒಂದೇ ಪದವಾಗಿ ಓದಿದರೆ ‘ವಿಪ್’, ಅವರ ಬಾಯಲ್ಲಿ ‘ಬಿಪ್ಪು’. ದೊಡ್ಡ ಸಾಹೇಬರ ಸೆಡಾನುಗಳು: ನಿಸ್ಸಾನ್ ಸೀಮಾ, ಸೆಡ್ರಿಕ್, ಟೊಯೊಟಾ ಸೆಲ್ಸಿಯೋರ್, ಕ್ರೌನ್. 1988ರಲ್ಲಿ ಸೀಮಾ ಬಂದಾಗ ದುಡ್ಡಿನ ಕಾಲ. ಕೊಂಡವರ ಸಂಖ್ಯೆ ನೋಡಿ ‘ಸೀಮಾ ವಿದ್ಯಮಾನ’ ಅಂತಲೇ ಪತ್ರಿಕೆಗಳು ಬರೆದವು. ಅವೇ ಕಾರು ಸೆಕೆಂಡ್ ಹ್ಯಾಂಡ್ ಆದಾಗ ಹುಡುಗರ ಕೈಗೆ ಬಂದವು. ಕಪ್ಪು ಇಲ್ಲವೇ ಬಿಳಿ ಬಣ್ಣ, ನೆಲಕ್ಕೆ ಅಂಟಿದ ಮೈ, ಕಿಟಕಿಗೆ ಪರದೆ, ಒಳಗೆ ಕನ್ನಡಿಗೆ ನೇತುಹಾಕಿದ ರೇಷ್ಮೆ ಹಗ್ಗದ ಗಂಟು ಮತ್ತು ಕುಚ್ಚು. ಆ ಕುಚ್ಚಿಗೆ ‘ಫುಸಾ’ ಅನ್ನುತ್ತಾರೆ.

ಧಾರವಾಡ_ಡೀಸೆಲ್

ನಮ್ಮ ಲಾರಿಯವರು ಇದನ್ನ ಎಂದೋ ಮಾಡ್ಯಾರ ಬಿಡ್ರಿ. ಕುಚ್ಚು, ಪರದೆ, ಲಿಂಬಿಕಾಯಿ, ಎಲ್ಲಾ ಅದಾವ. ವಿಐಪಿ ಅನ್ನಿಸ್ಕೊಳ್ಳಿಲ್ಲ, ಅಷ್ಟ.

ಹಳೇ_ಸಿಲಿಂಡರ್

ದಾಯ್ಕೊಕುವಿನಲ್ಲಿ ಬಾನೆಟ್ ತುಂಬ ಕಾರ್ಟೂನ್ ಹುಡುಗಿಯ ಚಿತ್ರ ಇದ್ದ ಕಾರುಗಳೂ ಇದ್ದವು. ಸಹೋದ್ಯೋಗಿ ‘ಇತಾಶಾ’ ಅಂದ. ಇತಾ ಅಂದರೆ ನೋವು ಅಂತೆ. ನೋಡೋಕೇ ಸಂಕಟ ಆಗೋ ಕಾರು ಅಂತ ಯಜಮಾನರೇ ಇಟ್ಟುಕೊಂಡ ಹೆಸರು. ಇಟಲಿಯ ಕಾರಿಗೂ ಮೊದಲಿಂದ ‘ಇತಾಶಾ’ ಅನ್ನುತ್ತಿದ್ದರಂತೆ, ಅದರ ಮೇಲೆ ಶ್ಲೇಷೆ. ಉಬ್ಬುಹಲ್ಲು, ಹಂದಿ ಅಂಡು, ನೋವಿನ ಕಾರು. ತಮ್ಮನ್ನ ತಾವೇ ಇಷ್ಟು ಆಡಿಕೊಳ್ಳೋ ಕಾರಿನವರನ್ನ ನಾನು ಇನ್ನೆಲ್ಲೂ ನೋಡಿಲ್ಲ. ನಮ್ಮಲ್ಲಿ ‘ಮಾನ್‌ಸ್ಟರ್’, ‘ಬೀಸ್ಟ್’ ಬಿಟ್ಟರೆ ಬೇರೆ ಹೆಸರೇ ಇಲ್ಲ.

ಅಕ್ಕ, ಒನಿಕ್ಯಾನ್ ಬಗ್ಗೆ ಹೇಳಿ. ಚಕ್ರಗಳು ಕಾಲು ಮುರಿದ ಕುರಿ ಹಾಗೆ ಹೊರಕ್ಕೆ ಚಾಚಿದ್ದ ಕಾರುಗಳು ಅವೇನಾ?

ಆಯಿಚಿ_ಅಕ್ಕ

ಅವೇ. ಶುರುವಿಂದ ಹೇಳ್ತೀನಿ, ಒಂದು ಪದದಿಂದ ಇನ್ನೊಂದು ಹುಟ್ಟಿದ್ದು ಗೊತ್ತಾಗುತ್ತದೆ.

ಚಕ್ರದ ಮುಖ ಮತ್ತು ಫೆಂಡರ್ ಅಂಚು ಒಂದೇ ಮಟ್ಟಕ್ಕೆ ಬಂದರೆ ‘ತ್ಸುರಾಯಿಚಿ’. ಇದು ಬಡಗಿಗಳ ಮಾತಿನಿಂದ ಬಂದದ್ದು ಅನ್ನುತ್ತಾರೆ. ಎರಡು ಹಲಗೆಯನ್ನ ಬೆರಳು ಸವರಿದರೂ ತಡೆಯದ ಹಾಗೆ ಮಟ್ಟಸ ಕೂಡಿಸೋದು. ಅದಕ್ಕಿಂತ ಒಂದು ಕೂದಲು ಹೊರಗೆ ಬಂದರೆ ‘ಹಾಮಿತಾಯ್’, ಹೊರಗೆ ಇಣುಕೋ ಟೈರು. ಅದು ಕಾನೂನಿಗೆ ವಿರುದ್ಧವಾಗಿತ್ತು. 2017ರಲ್ಲಿ ನಿಯಮ ಸ್ವಲ್ಪ ಸಡಿಲಿಸಿ, ಟೈರಿನ ರಬ್ಬರ್ ಉಬ್ಬು 10 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಪರವಾಗಿಲ್ಲ ಅಂದರು. ರಿಮ್ ಮಾತ್ರ ಹೊರಬರಬಾರದು.

ಈಗ ಹುಡುಗನಿಗೆ ಅಗಲ ರಿಮ್ ಬೇಕು, ಆದರೆ ಫೆಂಡರ್ ಒಳಗೇ ಇರಬೇಕು. ಕಾರೂ ನೆಲಕ್ಕೆ ಕೂರಬೇಕು. ಏನು ಮಾಡೋದು? ಅಗಲ ರಿಮ್ಮಿಗೆ ಕಿರಿದಾದ ಟೈರನ್ನ ಎಳೆದು ಕೂರಿಸೋದು, ಅದು ‘ಹಿಪ್ಪಾರಿ’, ಎಳೆತ. ಚಕ್ರದ ತಲೆಯನ್ನ ಒಳಕ್ಕೆ ಬಗ್ಗಿಸೋದು, ಅದು ಕ್ಯಾಂಬರ್. ಬಗ್ಗಿಸಿ ಬಗ್ಗಿಸಿ 10 ಡಿಗ್ರಿ ದಾಟಿದರೆ ರಾಕ್ಷಸ ಕ್ಯಾಂಬರ್, ಒನಿಕ್ಯಾನ್. ಟೈರಿನ ಒಳಅಂಚು ಮಾತ್ರ ನೆಲ ಮುಟ್ಟುತ್ತದೆ, ಅದೇ ಸವೆದು ದಾರ ಕಾಣುತ್ತದೆ. ಬ್ರೇಕ್ ಹಿಡಿಯೋದೂ ಕಡಿಮೆಯಾಗುತ್ತದೆ. ಇದನ್ನೇ ಅಮೆರಿಕದವರು ‘ಹೆಲ್ಲಾಫ್ಲಶ್’ ಅಂತ ಹೆಸರಿಟ್ಟು ಮೆರೆಸಿದರು, ಆ ಪದ ಇಲ್ಲಿಗೆ ವಾಪಸ್ ಬಂದು ‘ಹೆರಾಫುರಾ’ ಆಯಿತು. ಮಗಳು ಅಮೆರಿಕಕ್ಕೆ ಹೋಗಿ ಹೊಸ ಹೆಸರಿಟ್ಟುಕೊಂಡು ತವರಿಗೆ ಬಂದ ಹಾಗೆ.

ಇಷ್ಟೆಲ್ಲಾ ಆಟಕ್ಕೂ ಯಮ ಒಬ್ಬ ಇದ್ದಾನೆ. ‘ಶಾಕೆನ್’. ಸರ್ಕಾರಿ ತಪಾಸಣೆ. ಹೊಸ ಕಾರಿಗೆ 3 ವರ್ಷಕ್ಕೆ, ಆಮೇಲೆ 2 ವರ್ಷಕ್ಕೊಮ್ಮೆ. ನೆಲದಿಂದ ಕಾರಿನ ಕೆಳಭಾಗ 9 ಸೆಂಟಿಮೀಟರ್ ಇರಲೇಬೇಕು. ಇಲ್ಲಿನ ಸ್ಟೈಲುಗಳೆಲ್ಲ ಈ 9ರ ಸುತ್ತ ಗಿರಕಿ ಹೊಡೆಯುತ್ತವೆ. ಶಾಕೆನ್ ಬಂದಾಗ ಕಾರನ್ನ ‘ನೋಮಾರು’ ಮಾಡೋದು, ಅಂದರೆ ನಾರ್ಮಲ್. ಮುಗಿದ ಮೇಲೆ ಮತ್ತೆ ತಗ್ಗಿಸೋದು.

ನನ್ನದೇ ಕಥೆ ಕೇಳಿ. ನಾಲ್ಕು ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಸ್ವಲ್ಪ ತಗ್ಗಿತ್ತು. “ಶಾಕೆನ್ ಪಾಸಾಗುತ್ತಾ?” ಅಂತ ಮೂರು ಸಲ ಕೇಳಿದೆ. ಅಂಗಡಿಯವನು ಮೂರು ಸಲವೂ ಬಗ್ಗಿ ನಮಸ್ಕಾರ ಮಾಡಿ “ಪಾಸ್” ಅಂದ. ದುಡ್ಡು ಉಳಿಸೋಣ ಅಂತ ಗ್ಯಾರೇಜಿಗೆ ಕೊಡದೆ ನಾನೇ ತಪಾಸಣೆಗೆ ತಗೊಂಡು ಹೋದೆ. ಇನ್ಸ್‌ಪೆಕ್ಟರ್ ಒಂದು ಅಳತೆ ಕೋಲು ತಂದು ಕಾರಿನ ಕೆಳಗೆ ತೂರಿಸಿದ. ಸೈಲೆನ್ಸರ್ ಹತ್ತಿರ ಟಕ್ ಅಂತ ತಗುಲಿತು. ಎಂಟೂವರೆ. ಬಹಳ ಮರ್ಯಾದೆಯಿಂದ ಫೇಲ್ ಮಾಡಿದ. ಅಂಗಡಿಗೆ ಫೋನ್ ಮಾಡಿದರೆ “ಬಹುಶಃ ಟೈರಿನಲ್ಲಿ ಗಾಳಿ ಕಡಿಮೆ ಇತ್ತೇನೋ” ಅಂದ.

ಕಣ್ಣಲ್ಲಿ ನೀರು ಬರೋದೊಂದು ಬಾಕಿ. ಪಕ್ಕದ ಸಾಲಿನಲ್ಲಿದ್ದ ಮೆಕ್ಯಾನಿಕ್ ಅಜ್ಜ ಬಂದು ಬಗ್ಗಿ ನೋಡಿ ನಕ್ಕ. ಸೈಲೆನ್ಸರನ್ನ ಕಾರಿಗೆ ನೇತುಹಾಕಿರೋ ರಬ್ಬರ್ ಉಂಗುರಗಳು ಹಳತಾಗಿ ಜೋಲು ಬಿದ್ದಿದ್ದವು. ಗಿಡ್ಡ, ಗಟ್ಟಿ ಉಂಗುರ ಎರಡು ಹಾಕಿಸಿಕೊಂಡು ಬಾ ಅಂದ. ಹಾಕಿಸಿದೆ. ಮಧ್ಯಾಹ್ನ ಅದೇ ಇನ್ಸ್‌ಪೆಕ್ಟರ್, ಅದೇ ಕೋಲು. ಈ ಸಲ ತೂರಿ ಆಚೆ ಬಂತು.

ಗ್ಯಾರೇಜ್_ಗುಂಡ

ಎರಡು ರಬ್ಬರ್ ಉಂಗುರ! ಸಖತ್ ಅಕ್ಕ. ನಮ್ಮಲ್ಲಿ ಇಂಥ ಲೆಕ್ಕ ಇಲ್ಲ ಅನ್ನೋದೇ ಒಳ್ಳೇದು ಬಿಡಿ.

ರೋಟರಿ_ರಾಯ

ಲೆಕ್ಕ ಇದೆ ಗುಂಡ. ಇನ್ನೂ ಬಿಗಿ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸಬಾರದು ಅಂದಿದೆ. ಜಪಾನಿನವರಿಗೆ 9 ಸೆಂಟಿಮೀಟರ್ ಅಂತ ಒಂದು ಗೆರೆ ಇದೆ, ಅದರ ಮೇಲೆ ನಿಂತು ಆಟ ಆಡಬಹುದು. 1995ರಲ್ಲಂತೂ ಅವರು ಬಿಡಿಭಾಗಗಳ ನಿಯಮವನ್ನ ಬೇಕಾದಷ್ಟು ಸಡಿಲಿಸಿದರು. ನಮ್ಮಲ್ಲಿ ಪೊಲೀಸ್ ಕೈ ತೋರಿಸೋವರೆಗೆ ಎಲ್ಲಾ ಸರಿ, ತೋರಿಸಿದ ಮೇಲೆ ಎಲ್ಲಾ ತಪ್ಪು. ಆಡೋಕೆ ಗೆರೆಯೇ ಇಲ್ಲದ ಕಡೆ ಸ್ಟೈಲಿಗೆ ಹೆಸರು ಹುಟ್ಟೋದು ಕಷ್ಟ ಅಂತ ನನ್ನ ವಾದ. ಬೇಕಿದ್ದರೆ ಜಗಳ ಆಡಿ.

ಧಾರವಾಡ_ಡೀಸೆಲ್

ಜಗಳ ನಾಳೆ ಆಡೋಣ ರಾಯರ, ಇವತ್ತ ಟೈಮ್ ಆತು. ಅಕ್ಕಾರ, ಒಂದ ಪ್ರಶ್ನೆ. ಮುಂದಿನ ಸಲ 9 ಸೆಂಟಿಮೀಟರ್ ಐತೋ ಇಲ್ಲೋ ಅಂತ ಮನ್ಯಾಗ ಹೆಂಗ ನೋಡ್ತೀರಿ?

ಆಯಿಚಿ_ಅಕ್ಕ

ಊರಿಂದ ತಂದ ಲಟ್ಟಣಿಗೆ ಒಂದು ಮುರಿದಿತ್ತು. ಅದರ ತುಂಡನ್ನ ಗರಗಸದಲ್ಲಿ ಸರಿಯಾಗಿ 9 ಸೆಂಟಿಮೀಟರಿಗೆ ಕುಯ್ದು ಕಾರಿನ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೀನಿ. ನಿಲ್ಲಿಸಿ ಕಾರಿನ ಕೆಳಗೆ ತಳ್ಳೋದು, ಬಿದ್ದರೆ ಫೇಲ್.

ಹೋದ ಶಾಕೆನ್‌ನಲ್ಲಿ ನಮ್ಮ ಲೈನಿನ ಆ ಶಾಕೋತಾನ್ ಹುಡುಗ ಅದನ್ನ ಕೇಳಿ ಇಸಕೊಂಡು ಹೋಗಿದ್ದ. ವಾಪಸ್ ಕೊಡುವಾಗ ಅದರ ಮೇಲೆ ಮಾರ್ಕರ್‌ನಲ್ಲಿ ಎರಡು ಕಣ್ಣು, ಎರಡು ಉಬ್ಬುಹಲ್ಲು ಬರೆದಿದ್ದ.